ನೋವಿನ ಸಲಹೆಯಲ್ಲಿ ಬಿಟ್ಟುಹೋಗುವ ಅರ್ಧ

ಸೊಂಟ ಹಿಡಿದುಕೊಂಡಿದೆ ಅಂದರೆ ಸಾಕು, ಎದುರಿಗಿದ್ದವರೆಲ್ಲ ವೈದ್ಯರಾಗಿಬಿಡುತ್ತಾರೆ. ಬಿಸಿನೀರಿನ ಚೀಲ ಇಡು ಅಂತ ಒಬ್ಬರು, ಐಸ್ ಇಡು ಅಂತ ಇನ್ನೊಬ್ಬರು. ಮಲಗಿಬಿಡು ಅಂತ ಒಬ್ಬರು, ನಡೆದಾಡು ಅಂತ ಮತ್ತೊಬ್ಬರು. ವಿಚಿತ್ರವೆಂದರೆ ಇವುಗಳಲ್ಲಿ ಹೆಚ್ಚಿನವು ಪೂರ್ತಿ ತಪ್ಪಲ್ಲ, ಅರೆಬರೆ ಅಷ್ಟೇ. ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಹೇಳುವವರು ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ. ನೋವಿನ ಔಷಧ ಕೈಕೊಡುವುದು, ಕೆಲವೊಮ್ಮೆ ಕೆಡುಕನ್ನೇ ಮಾಡುವುದು, ಬಹುತೇಕ ಆ ಬಿಟ್ಟುಹೋದ ಅರ್ಧದಲ್ಲೇ.

ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿ. ಇದರಷ್ಟು ಸಲೀಸಾಗಿ ನುಂಗುವ ಮಾತ್ರೆ ಬೇರೊಂದಿಲ್ಲ. ‘ನನಗೆ ಅದು ನಾಟುವುದಿಲ್ಲ’ ಎಂಬ ದೂರೂ ಅಷ್ಟೇ ಮಾಮೂಲು. ವಿಚಾರಿಸಿದರೆ, 500 ಮಿ.ಗ್ರಾಂ.ನ ಒಂದು ಮಾತ್ರೆ ನುಂಗಿ ಇಪ್ಪತ್ತು ನಿಮಿಷಕ್ಕೆ ಕೈಚೆಲ್ಲಿರುತ್ತಾರೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹೊತ್ತು ಬೇಕು. ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿ.ಗ್ರಾಂ., ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ; 24 ಗಂಟೆಯಲ್ಲಿ ಒಟ್ಟು 4 ಗ್ರಾಂ ದಾಟುವಂತಿಲ್ಲ. ತೂಕ 50 ಕೆ.ಜಿ.ಗಿಂತ ಕಡಿಮೆ ಇರುವವರು, ಯಕೃತ್ತಿನ ತೊಂದರೆ ಇರುವವರು, ದಿನಾ ಕುಡಿಯುವವರು, ಹಲವು ದಿನದಿಂದ ಸರಿಯಾಗಿ ಉಣ್ಣದವರು ಈ ಮಿತಿಯನ್ನು ತಮ್ಮದೆಂದು ಎಣಿಸಬಾರದು. ಅವರ ಮಿತಿ ಇನ್ನೂ ಕೆಳಗಿದೆ, ಅದನ್ನು ವೈದ್ಯರೇ ಹೇಳಬೇಕು.

ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಶೀತದ ಮಾತ್ರೆಯಲ್ಲಿ. ತಲೆನೋವಿಗೆಂದು ದಿನಕ್ಕೆ ಮೂರು ಸಲ 1000 ಮಿ.ಗ್ರಾಂ. ಹೋಯಿತು, 3 ಗ್ರಾಂ ಆಯಿತು. ಜೊತೆಗೆ ಮೂಗು ಸೋರುತ್ತದೆ ಎಂದು ಮೂರು ಶೀತದ ಮಾತ್ರೆ. ಒಂದೊಂದರಲ್ಲೂ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಅಡಗಿದ್ದರೆ ಸಂಜೆಯ ಹೊತ್ತಿಗೆ ಒಟ್ಟು 4.5 ಗ್ರಾಂ. ನುಂಗಿದವರ ಲೆಕ್ಕದಲ್ಲಿ ಮಾತ್ರ ಇನ್ನೂ ಮೂರೇ. ಯಕೃತ್ತು ಈ ಔಷಧದ ಬಹುಪಾಲನ್ನು ನಿರಪಾಯವಾಗಿ ಹೊರಹಾಕುತ್ತದೆ, ಒಂದು ಚಿಕ್ಕ ಪಾಲು ವಿಷವಸ್ತುವಾಗುತ್ತದೆ. ಆ ವಿಷವನ್ನು ಕಟ್ಟಿಹಾಕುವ ಗ್ಲುಟಾಥಯೋನ್ ಎಂಬ ದಾಸ್ತಾನು ಯಕೃತ್ತಿನಲ್ಲೇ ಇದೆ. ಡೋಸು ಮೀರಿದಾಗ ದಾಸ್ತಾನು ಖಾಲಿಯಾಗಿ ಜೀವಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ವಾಕರಿಕೆ ಬಿಟ್ಟರೆ ಏನೂ ತಿಳಿಯದು, ಅದೂ ಇರಲೇಬೇಕೆಂದಿಲ್ಲ. ಪೆಟ್ಟು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟಾಗ. ಹಾಗಾಗಿ ಮಿತಿ ಮೀರಿದ್ದು ಗೊತ್ತಾದರೆ ‘ಆರಾಮಾಗೇ ಇದ್ದೀನಲ್ಲ’ ಎಂದು ಕೂರಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು. ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣಕ್ಷರ ಓದುವ ಅಭ್ಯಾಸ ಒಂದಿದ್ದರೆ ಇದರಲ್ಲಿ ಹೆಚ್ಚಿನದು ತಪ್ಪುತ್ತದೆ.

ಇನ್ನೊಂದು ಮಾತು. ಅಳತೆ ಸರಿಯಿದ್ದರೂ ಪ್ಯಾರಾಸಿಟಮಾಲ್ ಎಲ್ಲ ನೋವಿಗೂ ಅಲ್ಲ. ಹೊಸದಾಗಿ ಹಿಡಿದ ಸೊಂಟನೋವಿನಲ್ಲಿ ಇದನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿ, 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಚೇತರಿಸಿಕೊಳ್ಳಲು ಹಿಡಿದ ದಿನಗಳ ಲೆಕ್ಕದಲ್ಲಿ ನಿಜವಾದ ಮಾತ್ರೆಗೂ ಔಷಧವಿಲ್ಲದ ಹುಸಿ ಮಾತ್ರೆಗೂ ವ್ಯತ್ಯಾಸವಿರಲಿಲ್ಲ. ಸಾಮಾನ್ಯ ತಲೆನೋವು, ಜ್ವರದ ಮೈಕೈ ನೋವು, ಹಲ್ಲುನೋವು, ಇವು ಅದಕ್ಕೆ ಒಗ್ಗುವ ಕೆಲಸಗಳು.

ಉಳುಕು, ಬಾವು, ಮುಟ್ಟಿನ ಹೊಟ್ಟೆನೋವು ಅಂದರೆ ಐಬುಪ್ರೊಫೆನ್ ಗುಂಪು ಹೆಚ್ಚು ನಾಟುತ್ತದೆ. ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಅಸೆಕ್ಲೊಫೆನಾಕ್ ಎಲ್ಲವೂ ಇದೇ ವಂಶ. ಇವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆಯುತ್ತವೆ. ನೋವು, ಬಾವು ತರುವ ಆ ರಾಸಾಯನಿಕವೇ ಹೊಟ್ಟೆಯ ಒಳಪೊರೆಯನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಅಂದಮೇಲೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಈ ಔಷಧದ ಆಕಸ್ಮಿಕಗಳಲ್ಲ, ಅದು ಮಾಡುವ ಕೆಲಸದ ಇನ್ನೊಂದು ಮಗ್ಗುಲು. ವೈದ್ಯರ ಚೀಟಿಯಿಲ್ಲದೆ ವಯಸ್ಕರು ತೆಗೆದುಕೊಳ್ಳಬಹುದಾದ ಐಬುಪ್ರೊಫೆನ್ ಸಲಕ್ಕೆ 200ರಿಂದ 400 ಮಿ.ಗ್ರಾಂ., ದಿನಕ್ಕೆ ಹೆಚ್ಚೆಂದರೆ 1200, ಅದೂ ಕೆಲವೇ ದಿನ. ಊಟದ ಮೇಲೆ ನುಂಗಿದರೆ ಹೊಟ್ಟೆಯುರಿ ಕಡಿಮೆಯಾದೀತು, ಹುಣ್ಣಿನ ಅಪಾಯ ಹೋಗುವುದಿಲ್ಲ. ಔಷಧ ರಕ್ತದ ದಾರಿಯಲ್ಲೂ ಅದೇ ಒಳಪೊರೆಗೆ ಬಂದು ಮುಟ್ಟುತ್ತದೆ. ಒಂದೇ ವಂಶದ ಎರಡು ಮಾತ್ರೆಯನ್ನು, ಹೆಸರು ಬೇರೆ ಎಂಬ ಕಾರಣಕ್ಕೆ, ಒಟ್ಟಿಗೆ ನುಂಗುವುದು ಶುದ್ಧ ನಷ್ಟ: ನೋವು ಅಷ್ಟೇ ಇಳಿಯುತ್ತದೆ, ಹೊಟ್ಟೆಗೆ ಪೆಟ್ಟು ಮಾತ್ರ ಜಾಸ್ತಿ. ರಕ್ತ ತೆಳುವಾಗಿಸುವ ಮಾತ್ರೆಯವರು, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರು, 20 ವಾರ ದಾಟಿದ ಬಸುರಿಯರು ಇದರ ತಂಟೆಗೆ ತಾವಾಗಿ ಹೋಗಬಾರದು. ಬಿ.ಪಿ.ಗೆ ‘ಪ್ರಿಲ್’ ಅಥವಾ ‘ಸಾರ್ಟಾನ್’ ಎಂದು ಕೊನೆಗೊಳ್ಳುವ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಇದನ್ನು ಮೂರನೆಯದಾಗಿ ಸೇರಿಸಿದರೆ ಮೂತ್ರಪಿಂಡ ಮೂರು ಕಡೆಯಿಂದ ಪೆಟ್ಟು ತಿನ್ನುತ್ತದೆ; ವಾಂತಿ ಭೇದಿಯಾಗಿ ನೀರು ಬತ್ತಿದ ದಿನವಂತೂ ಬೇಡವೇ ಬೇಡ. ಡೆಂಗಿ ಇರಬಹುದೆಂಬ ಅನುಮಾನವಿರುವ ಜ್ವರದಲ್ಲೂ ಬೇಡ, ರಕ್ತಸ್ರಾವದ ಅಪಾಯ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆಲ್ಲೋ ರಕ್ತ ಒಸರುತ್ತಿದೆ ಎಂದೇ ತಿಳಿಯಬೇಕು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು ಎನ್ನುವುದೂ ಇಲ್ಲೇ ಸೇರಬೇಕಾದ ಮಾತು.

ಮಂಡಿ, ಬೆರಳಿನಂತೆ ಚರ್ಮದ ಹತ್ತಿರವೇ ಇರುವ ಕೀಲಿಗೆ ನುಂಗುವುದಕ್ಕಿಂತ ಹಚ್ಚುವುದು ವಾಸಿ. ಡೈಕ್ಲೊಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗಿನ ಸುಮಾರು 6% ಅಷ್ಟೇ. ಸೊಂಟ, ತೊಡೆಸಂದಿನ ಆಳಕ್ಕೆ ಅದು ಇಳಿಯುವುದಿಲ್ಲ. ಇಲ್ಲಿಯೂ ಕೈಕೊಡುವುದು ಅಳತೆಯೇ. 1% ಜೆಲ್‌ಗೆ ಅಮೆರಿಕದ ಅಧಿಕೃತ ಅಳತೆ ಮಂಡಿಗೆ ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಕೈಬೆರಳಿಗೆ ಸಲಕ್ಕೆ 2 ಗ್ರಾಂ. ಅಂದರೆ ಒಂದು ಮಂಡಿಗೇ ದಿನಕ್ಕೆ 16 ಗ್ರಾಂ, 30 ಗ್ರಾಂನ ಟ್ಯೂಬು ಎರಡು ದಿನವೂ ಬರುವುದಿಲ್ಲ. ಕಡಲೆಕಾಳಿನಷ್ಟು ತೆಗೆದು ನೋವಾದಾಗೊಮ್ಮೆ ಸವರಿ, ಒಂದೇ ಟ್ಯೂಬನ್ನು ತಿಂಗಳುಗಟ್ಟಲೆ ಎಳೆದು, ಕೊನೆಗೆ ‘ಜೆಲ್ ಸುಳ್ಳು’ ಎಂದರೆ ಜೆಲ್ ಏನು ಮಾಡೀತು? ಬೇರೆ ಶಕ್ತಿಯ ಜೆಲ್ ಆದರೆ ಅದರ ಜೊತೆಗಿನ ಹಾಳೆಯಲ್ಲಿರುವ ಅಳತೆ ನೋಡಬೇಕು. ಒಂದೆರಡು ವಾರ ಬಿಡದೆ ಹಚ್ಚಿ ಆಮೇಲೆ ತೀರ್ಮಾನಿಸಬೇಕು. ಹಚ್ಚಿದ ಜಾಗಕ್ಕೆ ಬಿಗಿ ಪಟ್ಟಿ ಕಟ್ಟುವುದು, ಮೇಲೆ ಶಾಖ ಕೊಡುವುದು ಬೇಡ.

ಶಾಖವೋ ಐಸೋ ಎಂಬ ಜಗಳಕ್ಕೆ ಬರೋಣ. ಪಾದ ಈಗಷ್ಟೇ ಉಳುಕಿ ಊದುತ್ತಿದ್ದರೆ ಐಸ್: ತೆಳು ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ಮುಂದಿನದಕ್ಕೆ ಎರಡು ಗಂಟೆ ಬಿಡುವು, ಮೊದಲ ಒಂದೆರಡು ದಿನ ಮಾತ್ರ. ಅದು ಜಾಗವನ್ನು ಮರಗಟ್ಟಿಸಿ ನೋವು ತಗ್ಗಿಸುತ್ತದೆಯೇ ಹೊರತು ಗಾಯ ಮಾಗಿಸುವುದಿಲ್ಲ. ವಿಶ್ರಾಂತಿ, ಐಸ್, ಒತ್ತುಪಟ್ಟಿ, ಎತ್ತರದಲ್ಲಿಡುವುದು ಎಂಬ ನಾಲ್ಕಂಶದ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಐಸ್ ಮತ್ತು ಪೂರ್ತಿ ವಿಶ್ರಾಂತಿ ಮಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತು ತಿದ್ದಿಕೊಂಡರು. ಹಿಡಿದುಕೊಂಡ ಸ್ನಾಯುವಿಗೆ, ಸೊಂಟಕ್ಕೆ, ಮುಟ್ಟಿನ ನೋವಿಗೆ ಶಾಖ: 15ರಿಂದ 20 ನಿಮಿಷ. ಕೆಂಪಾಗಿ ಬಿಸಿಯೇರಿ ಊದಿದ ಕೀಲಿಗೆ ಶಾಖ ಬೇಡ.

ರಬ್ಬರಿನ ಬಿಸಿನೀರು ಚೀಲ ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಸುಟ್ಟುಕೊಂಡವರು ಕಡಿಮೆಯಿಲ್ಲ. ಕುದಿಯುವ ನೀರು ಹಾಕಬಾರದು. ಕುದಿ ನಿಂತು ಒಂದಷ್ಟು ಹೊತ್ತು ಆರಿದ ಮೇಲೆ ಹಾಕಬೇಕು. ಮೂರರಲ್ಲಿ ಎರಡು ಪಾಲು ತುಂಬಿಸಿ, ಚೀಲವನ್ನು ಮೆಲ್ಲಗೆ ಅದುಮಿ, ನೀರು ಬಾಯಿಯವರೆಗೆ ಏರಿ ಒಳಗಿನ ಗಾಳಿ ಹೋದ ಮೇಲೆ ಮುಚ್ಚಳ ತಿರುಗಿಸಬೇಕು. ಗಾಳಿ ಉಳಿದರೆ ಚೀಲ ಉಬ್ಬುತ್ತದೆ, ಮೈಮೇಲೆ ಸರಿಯಾಗಿ ಕೂರುವುದೂ ಇಲ್ಲ. ತಲೆಕೆಳಗು ಮಾಡಿ ಹನಿ ಜಿನುಗುತ್ತದೆಯೇ ನೋಡಿ, ಟವೆಲ್ ಸುತ್ತಿ ಮೈಗಿಡಬೇಕು. ಮೈ ಅದರ ಮೇಲೆ ಬರಬಾರದು, ಅದು ಮೈಮೇಲಿರಬೇಕು. ಭಾರ ಬಿದ್ದರೆ ಹಳೆಯ ರಬ್ಬರು ಹೊಲಿಗೆಯ ಅಂಚಿನಲ್ಲಿ ಒಡೆಯುತ್ತದೆ. ಬಗ್ಗಿಸಿದಾಗ ಬಿರುಕು ಕಂಡರೆ ಎಸೆಯುವುದೇ ಸರಿ. ಚೀಲ ಇಟ್ಟುಕೊಂಡು ನಿದ್ದೆಹೋಗಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಸುಡುತ್ತಿರುವುದೇ ಗೊತ್ತಾಗದು, ಅವರ ಪಾದಕ್ಕೆ ಯಾವ ಶಾಖವೂ ಬೇಡ. ದಿನಾ ಅದೇ ಜಾಗಕ್ಕೆ ಗಂಟೆಗಟ್ಟಲೆ ಶಾಖ ಕೊಟ್ಟು ಚರ್ಮದ ಮೇಲೆ ಬಲೆಯಂತೆ ಕಂದು ಗೆರೆ ಮೂಡಿದ್ದರೆ ಅದೂ ಒಂದು ಬಗೆಯ ಸುಟ್ಟ ಗುರುತೇ.

ಈ ತನಕದ್ದೆಲ್ಲ ಬಂದುಹೋಗುವ ನೋವಿನ ಮಾತು. ನೋವು ಹೋಗದಿದ್ದಾಗ, ಯಾವ ನೋವು ಎನ್ನುವುದು ಎಷ್ಟು ನೋವು ಎನ್ನುವುದಕ್ಕಿಂತ ಮುಖ್ಯವಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಪದಗಳ ಬರವಿಲ್ಲ: ಉರಿ, ಜೋಮು, ಸೆಳೆತ, ತಿವಿತ, ಛಳುಕು, ಸಿಡಿತ, ನುಲಿತ, ಮೈಕೈ ಮುರಿತ. ವೈದ್ಯರ ಮುಂದೆ ಕೂತ ಕೂಡಲೇ ಇವೆಲ್ಲ ಮಾಯವಾಗಿ ‘ತುಂಬಾ ಪೇನ್’ ಒಂದೇ ಉಳಿಯುತ್ತದೆ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಗಿಲ್ ನೋವಿನ ಪ್ರಶ್ನಾವಳಿ ನಿಂತಿರುವುದೇ ಇಂಥ ಪದಗಳ ಮೇಲೆ. ಕೂತಿದ್ದು ಎದ್ದಾಗ ಮಂಡಿ ಹಿಡಿದು, ಹತ್ತು ಹೆಜ್ಜೆ ಇಟ್ಟ ಮೇಲೆ ಸಡಿಲಾದರೆ ಸವೆತದ ಕೀಲು ಇರಬಹುದು. ಬೆಳಗಿನ ಬಿಗಿತ ಮುಕ್ಕಾಲು ಗಂಟೆ, ಒಂದು ಗಂಟೆಯಾದರೂ ಬಿಡದೆ ಬೆರಳು ಊದಿದ್ದರೆ ಉರಿಯೂತದ ಸಂಧಿವಾತದ ಅನುಮಾನ, ಬೇಗ ತೋರಿಸಬೇಕಾದದ್ದು. ತಡವಾದಷ್ಟೂ ಕೀಲು ಹಾಳಾಗುತ್ತದೆ. ಹೊಟ್ಟೆ ಅಲೆಅಲೆಯಾಗಿ ನುಲಿದರೆ ಕರುಳಿನಂಥ ಟೊಳ್ಳು ಅಂಗ. ಉರಿ, ಜೋಮು, ಕರೆಂಟು ಹೊಡೆದ ಛಳುಕು, ಹೊದಿಕೆ ಸೋಕಿದರೂ ತಾಳದಂಥ ನೋವು ಎಂದರೆ ನರವೇ ಕೆಟ್ಟಿದೆ.

ನರದ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹೆಚ್ಚೇನೂ ಮಾಡವು. ಅದಕ್ಕೆ ಬರೆಯುವುದು ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದವು. ಚೀಟಿಯನ್ನು ಮನೆಯಲ್ಲಿ ಯಾರೋ ಹುಡುಕಿ ನೋಡಿ ‘ಇದು ಖಿನ್ನತೆಯ ಮಾತ್ರೆ’ ಎನ್ನುತ್ತಾರೆ, ರೋಗಿಗೆ ಅವಮಾನವಾಗಿ ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ಅಮಿಟ್ರಿಪ್ಟಿಲಿನನ್ನು ನೋವಿಗೆ ಶುರುಮಾಡುವುದು ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂ.ನಿಂದ, ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವಿನ ಸಂದೇಶವನ್ನು ತಗ್ಗಿಸುವ ನರಮಾರ್ಗವೊಂದಿದೆ, ಇದು ಅದಕ್ಕೆ ಬಲ ಕೊಡುತ್ತದೆ. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಮೊದಲ ದಿನವೇ ಬರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಮೊದಲು, ಫಲ ಆಮೇಲೆ. ಇದನ್ನು ಮುಂಚೆಯೇ ಹೇಳದಿದ್ದರೆ ಐದನೇ ದಿನ ಯಾರೇ ಆಗಲಿ ಬಿಟ್ಟುಬಿಡುತ್ತಾರೆ. ಈ ಗುಂಪಿನ ಯಾವುದನ್ನೂ ಥಟ್ಟನೆ ನಿಲ್ಲಿಸಬಾರದು, ಇಳಿಸುತ್ತಾ ಬಿಡಬೇಕು.

ಮೂರು ತಿಂಗಳು ಮೀರಿದ, ಅಥವಾ ಅಷ್ಟು ಕಾಲ ಮತ್ತೆ ಮತ್ತೆ ಮರುಕಳಿಸುವ ನೋವಿಗೆ ದೀರ್ಘಕಾಲದ ನೋವು ಎಂದು ಹೆಸರು. ಗಾಯ ಮಾಗಿದರೂ ನೋವು ಉಳಿಯುವುದು ಹೇಗೆ? 1965ರಲ್ಲಿ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಬೆನ್ನುಹುರಿಯಲ್ಲಿ ನೋವಿಗೊಂದು ಗೇಟು ಇದೆ, ಅದು ತೆರೆಯುತ್ತದೆ, ಮುಚ್ಚುತ್ತದೆ ಎಂದರು. ಮೊಣಕೈ ತಗುಲಿದಾಗ ಉಜ್ಜಿಕೊಂಡರೆ ಹಗುರಾಗುವುದು ಅದರಿಂದಲೇ. 1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ ಪೆಟ್ಟಿನ ನಂತರ ಬೆನ್ನುಹುರಿಯೇ ಹೆಚ್ಚು ಸೂಕ್ಷ್ಮವಾಗುವುದನ್ನು ತೋರಿಸಿದರು. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ಬೊಗಳುವುದು ಸುಳ್ಳಲ್ಲ, ಕಳ್ಳ ಇಲ್ಲ ಅಷ್ಟೇ. ‘ಎಲ್ಲ ನಿನ್ನ ಮನಸ್ಸಿನಲ್ಲಿದೆ’ ಎನ್ನುವವರಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ.

ಇಲ್ಲಿ ಎಂ.ಆರ್.ಐ. ದಾರಿ ತಪ್ಪಿಸುವುದೂ ಉಂಟು. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಹಾಕಿ ನೋಡಿದ 2015ರ ವಿಮರ್ಶೆಯೊಂದರಲ್ಲಿ 20ರ ವಯಸ್ಸಿನವರಲ್ಲಿ 37%, 80ರವರಲ್ಲಿ 96% ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ತಲೆಗೂದಲು ನೆರೆತಂತೆ ಅದೂ. ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಓದಿ ಬಗ್ಗುವುದನ್ನೇ ಬಿಟ್ಟವರಿಗೆ ಉಬ್ಬಿಗಿಂತ ಬಗ್ಗದಿರುವುದರಿಂದಲೇ ಹೆಚ್ಚು ತೊಂದರೆ: ಬೆನ್ನಿನ ಸ್ನಾಯು ಸೋಲುತ್ತದೆ, ಸಣ್ಣ ಕೆಲಸಕ್ಕೂ ನೋಯುತ್ತದೆ. ಹಾಸಿಗೆ ಹಿಡಿದು ಮಲಗುವ ಸಲಹೆಯೂ ಹೀಗೇ ಹಳತಾಯಿತು.

ಹಾಗಾದರೆ ಎಷ್ಟು ಓಡಾಡಬೇಕು? ‘ಆದಷ್ಟು’ ಎನ್ನುವುದು ಕೆಟ್ಟ ಉತ್ತರ. ನೋವು ಕಡಿಮೆಯಿದ್ದ ದಿನ ಮನೆಯೆಲ್ಲ ಗುಡಿಸಿ ಒರೆಸಿ, ಮುಂದಿನ ಮೂರು ದಿನ ಮಲಗುವುದು ದೀರ್ಘಕಾಲದ ನೋವಿನಲ್ಲಿ ಎಲ್ಲರೂ ಬೀಳುವ ಹಳ್ಳ. ಅದರ ಬದಲು ಅಳೆಯಬೇಕು. ನಿಂತು ಮಾಡುವ ಕೆಲಸ ಎಂದಿಟ್ಟುಕೊಳ್ಳಿ. ನೋವು ಜಾಸ್ತಿಯಾಗುವ ಮುಂಚೆ ಮೊದಲ ದಿನ 12 ನಿಮಿಷ, ಎರಡನೇ ದಿನ 20, ಮೂರನೇ ದಿನ 10 ನಿಮಿಷ ನಿಲ್ಲಲು ಆಯಿತು. ಸರಾಸರಿ 14. ಅದರಲ್ಲಿ ಐದನೇ ಒಂದು ಪಾಲು ಕಳೆದರೆ ಹೆಚ್ಚುಕಡಿಮೆ 11. ಇನ್ನು ಒಂದು ವಾರ, ಒಳ್ಳೆಯ ದಿನವಿರಲಿ ಕೆಟ್ಟ ದಿನವಿರಲಿ, ಟೈಮರ್ ಇಟ್ಟು 11 ನಿಮಿಷಕ್ಕೆ ಕೂರಬೇಕು. ಸ್ವಲ್ಪ ಸುಧಾರಿಸಿ ಮತ್ತೆ 11. ಮುಂದಿನ ವಾರ 12. ಸೋಲುವುದು ಕೆಟ್ಟ ದಿನದಲ್ಲಲ್ಲ, ಒಳ್ಳೆಯ ದಿನದಲ್ಲಿ: ಟೈಮರ್ ಬಡಿದಾಗ ‘ಇನ್ನೆರಡು ಪಾತ್ರೆ ತಾನೆ’ ಅನಿಸುತ್ತದೆ. ನಡಿಗೆ, ಕೂತು ಕೆಲಸ, ಮೆಟ್ಟಿಲು, ಎಲ್ಲಕ್ಕೂ ಇದೇ ಲೆಕ್ಕ. ಯಾವ ವ್ಯಾಯಾಮ ಉತ್ತಮ ಎಂಬ ಚರ್ಚೆಯಲ್ಲಿ ಕಾಲ ಕಳೆಯುವುದಕ್ಕಿಂತ ಬಿಡದೆ ಮಾಡಲು ಆಗುವಂಥದ್ದನ್ನು ಹಿಡಿಯುವುದು ಮೇಲು. ನಿದ್ದೆಗೆಟ್ಟ ಮರುದಿನ ಅದೇ ನೋವು ಹೆಚ್ಚು ಚುಚ್ಚುತ್ತದೆ. ಮಲಗುವ ಹೊತ್ತು ಹೇಗಾದರೂ ಇರಲಿ, ಏಳುವ ಹೊತ್ತು ಬದಲಾಗದಂತೆ ನೋಡಿಕೊಂಡರೆ ನಿದ್ದೆ ಹತೋಟಿಗೆ ಬರುತ್ತದೆ.

ಔಷಧವೇ ನೋವಾಗುವ ಎರಡು ಸಂದರ್ಭ ಗೊತ್ತಿರಬೇಕು. ಒಂದು ತಲೆನೋವಿನದು. ಮೊದಲೇ ತಲೆನೋವಿನ ಕಾಟ ಇರುವವರು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ಸಾದಾ ನೋವಿನ ಮಾತ್ರೆ, ಇಲ್ಲವೇ 10 ಅಥವಾ ಹೆಚ್ಚು ದಿನ ಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆ, ಅಫೀಮು ವರ್ಗದ ಅಥವಾ ಹಲವು ಔಷಧ ಬೆರೆತ ಮಾತ್ರೆ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ಕ್ಯಾಲೆಂಡರಿನಲ್ಲಿ ನುಂಗಿದ ದಿನಕ್ಕೊಂದು ಚುಕ್ಕೆ ಇಟ್ಟರೆ ಸಾಕು, ತಿಂಗಳ ಕೊನೆಗೆ ಉತ್ತರ ಸಿಗುತ್ತದೆ. ನಿಲ್ಲಿಸಿದಾಗ ಮೊದಲ ಕೆಲವು ದಿನ ತಲೆನೋವು ಏರುತ್ತದೆ, ಹಾಗಾಗಿ ವೈದ್ಯರ ಜೊತೆ ಮಾತಾಡಿಯೇ ನಿಲ್ಲಿಸಬೇಕು. ಎರಡನೆಯದು, ‘ಪೂರ್ತಿ ನೈಸರ್ಗಿಕ’ ಎಂದು ಮಾರುವ, ಒಳಗೇನಿದೆ ಎಂದು ಬರೆಯದ ಪುಡಿ, ಗುಳಿಗೆ. ವರ್ಷಗಳ ಮಂಡಿನೋವು ಎರಡೇ ದಿನಕ್ಕೆ ಮಂಗಮಾಯವಾದರೆ ಖುಷಿಗಿಂತ ಅನುಮಾನ ಮೊದಲು ಬರಬೇಕು. ಅಮೆರಿಕದ ಔಷಧ ನಿಯಂತ್ರಕರು 2022ರಲ್ಲಿ ಇಂಥ ಕೀಲುನೋವಿನ ಉತ್ಪನ್ನಗಳಲ್ಲಿ ಲೇಬಲಿನಲ್ಲಿಲ್ಲದ ಡೈಕ್ಲೊಫೆನಾಕ್, ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಪತ್ತೆಹಚ್ಚಿದ್ದರು. ಮುಖ ದುಂಡಗಾಗುವುದು, ತೂಕ, ಸಕ್ಕರೆ, ಬಿ.ಪಿ. ಏರುವುದು ಸ್ಟಿರಾಯ್ಡಿನ ಗುರುತು. ಗೊತ್ತಾದ ಕೂಡಲೇ ಎಸೆದುಬಿಡುವುದೂ ಅಪಾಯ. ಅಷ್ಟರಲ್ಲಿ ದೇಹ ತನ್ನ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಬೇಕು.

ಕಾಯುವಂತಿಲ್ಲದವು: ಸೊಂಟನೋವಿನ ಜೊತೆ ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು, ಪಾದ ಎತ್ತಲಾಗದಿರುವುದು. ಒಂದೇ ನಿಮಿಷದೊಳಗೆ ತುತ್ತತುದಿಗೇರುವ ತಲೆನೋವು. ಜ್ವರ, ಕತ್ತು ಬಿಗಿತದ ಜೊತೆಗಿನ ತಲೆನೋವು. 50 ದಾಟಿದವರಲ್ಲಿ ಹೊಸ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜು. ಎದೆ ಹಿಂಡಿ ತೋಳಿಗೋ ದವಡೆಗೋ ಹರಡುವ ನೋವು. ಇವಕ್ಕೆ ಆ ಕ್ಷಣವೇ ಆಸ್ಪತ್ರೆ. ಕ್ಯಾನ್ಸರ್ ಬಂದುಹೋದವರಲ್ಲಿ ರಾತ್ರಿಯೂ ಬಿಡದ ಹೊಸ ಬೆನ್ನುನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವಕ್ಕೆ ವಾರಗಟ್ಟಲೆ ಕಾಯದೆ ವೈದ್ಯರ ಭೇಟಿ.

ಉಳಿದ ನೋವಿಗೆ ವೈದ್ಯರಲ್ಲಿಗೆ ಹೋಗುವ ಮುಂಚೆ ಎರಡು ವಾರ ಬರೆದಿಡುವುದು ಒಳ್ಳೆಯದು: ಬೆಳಿಗ್ಗೆ, ರಾತ್ರಿ ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಷ್ಟು ಗಂಟೆ ನಿದ್ದೆ, ಏನು ನುಂಗಿದ್ದು, ಯಾವ ಕೆಲಸ ಅರ್ಧಕ್ಕೆ ಬಿಟ್ಟಿದ್ದು. ಕೊನೆಯದ್ದೇ ಹೆಚ್ಚು ಉಪಯೋಗದ್ದು. ‘ಎಂಟು’ ಎಂದರೆ ವೈದ್ಯರಿಗೆ ಅಷ್ಟಕ್ಕಷ್ಟೇ, ‘ಮಗುವನ್ನು ಎತ್ತಿಕೊಳ್ಳಲು ಆಗುತ್ತಿಲ್ಲ’ ಎಂದರೆ ಅರ್ಥವಾಗುತ್ತದೆ. ಚೀಟಿ ಕೈಗೆ ಬಂದ ಮೇಲೆ ಮೂರು ಮಾತು ಕೇಳದೆ ಎದ್ದೇಳಬಾರದು: ಎಷ್ಟು ದಿನಕ್ಕೆ ಎಷ್ಟು ಇಳಿಯಬೇಕು, ಇಳಿಯದಿದ್ದರೆ ಮುಂದೇನು, ಇದನ್ನು ನಿಲ್ಲಿಸುವುದು ಯಾವಾಗ. ದೀರ್ಘಕಾಲದ ನೋವಿನ ಅಧ್ಯಯನಗಳಲ್ಲಿ ಸುಮಾರು 30% ಇಳಿದರೇ ಗಣನೀಯ ಎಂದು ಲೆಕ್ಕ ಹಾಕುತ್ತಾರೆ. ಏಳು ಇದ್ದದ್ದು ಐದಕ್ಕೆ ಬಂದರೆ ಔಷಧ ಸೋತಿಲ್ಲ.

ನೋವು ಉಲ್ಬಣಿಸುವ ದಿನ ಬಂದೇ ಬರುತ್ತದೆ, ಆ ದಿನ ತಲೆ ಓಡುವುದಿಲ್ಲ. ಆರಾಮಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿಟ್ಟರೆ ಮನೆಯವರಿಗೂ ಕಾಣುತ್ತದೆ: ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೊಮ್ಮೆ, ದಿನಕ್ಕೆ ಹೆಚ್ಚೆಂದರೆ ಎಷ್ಟು, ಶಾಖ 20 ನಿಮಿಷ, 11 ನಿಮಿಷದ ಕೆಲಸ ಇಂದು 5, ಸೊನ್ನೆ ಅಲ್ಲ, ಯಾವ ಕೆಲಸ ಯಾರ ಪಾಲಿಗೆ, ಎಷ್ಟನೇ ದಿನಕ್ಕೂ ಇಳಿಯದಿದ್ದರೆ ವೈದ್ಯರಿಗೆ ಫೋನ್. ಕೆಳಗೆ, ಮಾತ್ರೆ ನುಂಗಿದ ಗಂಟೆ ಗುರುತುಹಾಕಲು ಒಂದಿಷ್ಟು ಖಾಲಿ ಜಾಗ, ಪಕ್ಕದಲ್ಲೇ ದಾರ ಕಟ್ಟಿ ತೂಗುಬಿಟ್ಟ ಪೆನ್ಸಿಲ್.